ಆರ್ಗನ್ ತಿರುಗಬೇಕು, ಆದರೆ ನಾವು ಹೇಳಿದಾಗ

ಪ್ರಶ್ನೆ: ನನ್ನ ಹತ್ತಿರ 88 ಕೀಗಳ ಡಿಜಿಟಲ್ ಸ್ಟೇಜ್ ಪಿಯಾನೋ ಇದೆ. ಭಾನುವಾರ ಚರ್ಚ್‌ನಲ್ಲಿ, ಉಳಿದ ದಿನ ಆರ್ಕೆಸ್ಟ್ರಾದಲ್ಲಿ ನುಡಿಸುತ್ತೇನೆ. ಆರ್ಗನ್ ಟೋನ್ ಹಾಕಿದರೆ ತಿರುಗುವ ಸ್ಪೀಕರ್‌ನ ಅಲೆ ಬರುತ್ತದೆ, ಆದರೆ ಒಂದೇ ವೇಗದಲ್ಲಿ. ಹಾಡಿನ ನಡುವೆ ನಿಧಾನ ಮತ್ತು ವೇಗ ಬದಲಿಸಬೇಕು. ಎರಡೂ ಕೈ ಕೀಗಳ ಮೇಲಿರುತ್ತವೆ, ಇರುವುದು ಒಂದೇ ಪೆಡಲ್, ಕೀ ಬಿಟ್ಟ ಮೇಲೂ ಸ್ವರವನ್ನು ಮುಂದುವರಿಸುವ ಸಸ್ಟೇನ್ ಪೆಡಲ್. ಇದು ಆಗುತ್ತಾ? ಇಲ್ಲಾ ತಿರುಗುವ ಸ್ಪೀಕರ್‌ನ ಶಬ್ದ ಕೊಡುವ ಹೊರಗಿನ ರೋಟರಿ ಪೆಡಲ್ ಕೊಳ್ಳಲೇಬೇಕಾ?

ಉತ್ತರ: ಆಗುತ್ತದೆ. ಹೆಚ್ಚಿನ ಸ್ಟೇಜ್ ಪಿಯಾನೋಗಳಲ್ಲಿ ಏನೂ ಖರ್ಚಿಲ್ಲದೆ ಆಗುತ್ತದೆ. ನಿಮ್ಮದು ಯಾವ ಮಾದರಿ ಅಂತ ಬರೆದಿಲ್ಲ, ಹಾಗಾಗಿ ಎಲ್ಲದಕ್ಕೂ ಹೊಂದುವ ಹಾಗೆ ಹೇಳುತ್ತೇನೆ. ಆದರೆ ಮೆನು ತೆರೆಯುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಇದನ್ನು ಬಿಟ್ಟು ಮುಂದೆ ಹೋದವರು ಇಡೀ ದಿನ ಮೆನುವಿನಲ್ಲಿ ಅಲೆದು ವಾಪಸ್ ಬರುತ್ತಾರೆ.

ಈಗ ಬಳಸುತ್ತಿರುವ ಆರ್ಗನ್ ಟೋನ್ ಹಾಕಿ. ಮಧ್ಯದ ಸಿ, ಅಂದರೆ ನಮ್ಮ ಹಾರ್ಮೋನಿಯಂನವರ ಬಿಳಿ ಒಂದು, ಒತ್ತಿ ಹಿಡಿಯಿರಿ. ಅಲೆ ಹೇಗೆ ತೂಗುತ್ತಿದೆ ಕೇಳಿ. ಕೈ ಎತ್ತದೆ ಸ್ವಲ್ಪ ಹೊತ್ತು ಬಿಟ್ಟು ಮೇಲಿನ ಜಿ ಕೂಡ ಒತ್ತಿ. ಎರಡು ಸ್ವರಗಳೂ ಒಟ್ಟಿಗೇ ತೂಗುತ್ತಿವೆಯಾ? ಇಲ್ಲಾ ಒಂದು ಏರುವಾಗ ಇನ್ನೊಂದು ಇಳಿಯುತ್ತಿದೆಯಾ?

ಒಟ್ಟಿಗೇ ತೂಗಿದರೆ ನಿಮ್ಮ ಅದೃಷ್ಟ. ಅಲೆ ಬರುತ್ತಿರುವುದು ಎಫೆಕ್ಟ್‌ನಿಂದ, ಅಂದರೆ ಟೋನ್ ಮೇಲೆ ಪಿಯಾನೋ ಆಮೇಲೆ ಸೇರಿಸುವ ಬದಲಾವಣೆಯಿಂದ. ಅದನ್ನು ಹಿಡಿತಕ್ಕೆ ತರಬಹುದು. ಒಂದೊಂದು ಒಂದೊಂದು ದಾರಿ ಹಿಡಿದರೆ ಅಲೆ ಸ್ಯಾಂಪಲ್‌ನೊಳಗೇ ಇದೆ. ತಿರುಗುವ ಸ್ಪೀಕರ್ ಮುಂದೆ ಮೈಕ್ ಇಟ್ಟು ಸ್ವರಗಳನ್ನು ರೆಕಾರ್ಡ್ ಮಾಡಿ ತುಂಬಿದ್ದಾರೆ. ಪ್ರತಿ ಕೀ ತಾನು ಒತ್ತಿಸಿಕೊಂಡ ಕ್ಷಣದಿಂದ ತನ್ನದೇ ಸುತ್ತು ಶುರು ಮಾಡುತ್ತದೆ. ಒಂದೇ ರೆಕಾರ್ಡಿಂಗನ್ನು ಅಕ್ಕಪಕ್ಕದ ಕೀಗಳಿಗೂ ಎಳೆದು ಹೊಂದಿಸಿದ್ದರೆ, ಮೇಲಿನ ಕೀಗೆ ಹೋದ ಹಾಗೆ ಅಲೆಯ ವೇಗವೂ ಏರುತ್ತದೆ. ಸಾರಿಗೆ ಹಾಕಿದ ಉಪ್ಪು ವಾಪಸ್ ತೆಗೆಯೋಕೆ ಆಗಲ್ಲ ಅಲ್ವಾ? ಇದೂ ಹಾಗೇ. ಇಂಥ ಟೋನ್ ಮೇಲೆ ಇನ್ನೊಂದು ರೋಟರಿ ಎಫೆಕ್ಟ್ ಹಾಕಿದರೆ ಎರಡು ಸುತ್ತು ಒಂದರ ಮೇಲೊಂದು ಬಿದ್ದು ಶಬ್ದ ಕಲಸಿದ ಅನ್ನ ಆಗುತ್ತದೆ.

ಆಗ ಬೇರೆ ಟೋನ್ ಹುಡುಕಿ. ಹೆಸರಿನಲ್ಲಿ ಟೋನ್‌ವೀಲ್, ಡ್ರಾಬಾರ್ ಅಂತ ಇರುವವು ಸಾಮಾನ್ಯವಾಗಿ ಒಣ ಟೋನ್‌ಗಳು, ಅಂದರೆ ಒಳಗೆ ಅಲೆ ಸೇರದವು. ರಾಕ್ ಆರ್ಗನ್, ರೋಟರಿ ಆರ್ಗನ್ ಎಂಬ ಹೆಸರಿನವನ್ನು ಅನುಮಾನದಿಂದಲೇ ನೋಡಿ. ಟೋನ್ ಹಾಕಿ ಎಲ್ಲ ಎಫೆಕ್ಟ್ ಆಫ್ ಮಾಡಿದಾಗ ಶಬ್ದ ಬೋಳಾಗಿ, ಚಪ್ಪಟೆಯಾಗಿ, ಹಳೇ ಕಾಲಿಂಗ್ ಬೆಲ್ ಥರ ಕೇಳಿದರೆ ಅದೇ ನಿಮಗೆ ಬೇಕಾದ್ದು. ಮೊದಲ ಸಲ ಕೇಳಿದಾಗ ಬೇಜಾರಾಗುತ್ತದೆ, ಆಗಲಿ. ನಿಜವಾದ ಹ್ಯಾಮಂಡ್ ಆರ್ಗನ್ ಕೂಡ ತಿರುಗುವ ಸ್ಪೀಕರ್ ಇಲ್ಲದಿದ್ದರೆ ಹೆಚ್ಚುಕಡಿಮೆ ಹೀಗೇ.

ಆ ಕತೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಮುಂದಿನ ಸೆಟ್ಟಿಂಗ್‌ಗಳಿಗೆಲ್ಲ ಅರ್ಥ ಬರುವುದು ಅಲ್ಲಿಂದಲೇ. ಲಾರೆನ್ಸ್ ಹ್ಯಾಮಂಡ್ ಅವರ ಆರ್ಗನ್ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1935ರಲ್ಲಿ. ಕ್ಯಾಲಿಫೋರ್ನಿಯಾದ ಡೊನಾಲ್ಡ್ ಲೆಸ್ಲಿ ಅದನ್ನು ದೊಡ್ಡ ಜಾಗದಲ್ಲಿ ಕೇಳಿ ಮೆಚ್ಚಿದರು. ಮನೆಯ ಕೋಣೆಯಲ್ಲಿ ಕೇಳಿದಾಗ ಅದೇ ಆರ್ಗನ್ ಸಪ್ಪೆ ಅನ್ನಿಸಿತು. ಪೈಪ್ ಆರ್ಗನ್‌ನಲ್ಲಿ ಒಂದೊಂದು ಸ್ವರ ಒಂದೊಂದು ಕೊಳವೆಯಿಂದ, ಬೇರೆಬೇರೆ ಜಾಗದಿಂದ ಬರುತ್ತದೆ. ಇಲ್ಲಿ ಎಲ್ಲವೂ ಒಂದೇ ಪೆಟ್ಟಿಗೆಯಿಂದ. ಹಾಗಾದರೆ ಶಬ್ದವನ್ನೇ ತಿರುಗಿಸೋಣ ಅಂದರು ಲೆಸ್ಲಿ. 1941ರ ಹೊತ್ತಿಗೆ ಅವರ ಸ್ಪೀಕರ್ ಮಾರಾಟಕ್ಕೆ ಬಂತು. ತಮಾಷೆ ಏನೆಂದರೆ ಹ್ಯಾಮಂಡ್ ಅವರಿಗೆ ಇದು ಒಂಚೂರೂ ಹಿಡಿಸಲಿಲ್ಲ. ಆದರೆ ಇವತ್ತು ಒಂದರ ಹೆಸರು ಹೇಳಿದರೆ ಇನ್ನೊಂದು ತಾನಾಗಿ ಬಾಯಿಗೆ ಬರುತ್ತದೆ.

ಲೆಸ್ಲಿ 122 ಎಂಬ ಪ್ರಸಿದ್ಧ ಮಾದರಿಯೊಳಗೆ ಏನಿದೆ ನೋಡಿ. 40 ವ್ಯಾಟ್‌ನ ಟ್ಯೂಬ್ ಆಂಪ್. ಅದರಿಂದ ಬಂದ ಶಬ್ದ 800 ಹರ್ಟ್ಜ್ ಹತ್ತಿರ ಎರಡಾಗಿ ಒಡೆಯುತ್ತದೆ. ಮೇಲಿನ ಭಾಗ ತಿರುಗುವ ಹಾರ್ನ್‌ಗೆ ಹೋಗುತ್ತದೆ. ಹಾರ್ನ್‌ಗೆ ಎರಡು ಬಾಯಿ ಕಂಡರೂ ಶಬ್ದ ಬರುವುದು ಒಂದರಿಂದ ಮಾತ್ರ, ಇನ್ನೊಂದು ಸುಮ್ನೆ ತೂಕ ಸರಿದೂಗಿಸೋಕೆ. ಕೆಳಗಿನ ಭಾಗ 15 ಇಂಚಿನ ಸ್ಪೀಕರ್‌ಗೆ. ಆ ಸ್ಪೀಕರ್ ತಿರುಗುವುದಿಲ್ಲ. ಅದು ಕೆಳಮುಖವಾಗಿ ಕೂತಿರುತ್ತದೆ, ಅದರ ಕೆಳಗಿನ ಡ್ರಮ್ ತಿರುಗಿ ಶಬ್ದವನ್ನು ಸುತ್ತ ಎರಚುತ್ತದೆ. ಹಾರ್ನ್ ಒಂದು ದಿಕ್ಕಿಗೆ ಸುತ್ತಿದರೆ ಡ್ರಮ್ ಅದರ ಎದುರು ದಿಕ್ಕಿಗೆ.

ಜಾತ್ರೆಯಲ್ಲಿ ಮಕ್ಕಳು ಕುದುರೆ ಮೇಲೆ ಕೂತು ಸುತ್ತುವ ಆಟ ಇರುತ್ತದಲ್ಲ, ಅದರ ಮೇಲೆ ಒಬ್ಬ ಹುಡುಗ ಪೀಪಿ ಊದುತ್ತಾ ಕೂತಿದ್ದಾನೆ ಅಂದುಕೊಳ್ಳಿ. ನಿಮ್ಮ ಕಡೆ ಬರುವಾಗ ಶ್ರುತಿ ಒಂದು ಎಳೆ ಏರುತ್ತದೆ, ದೂರ ಹೋಗುವಾಗ ಇಳಿಯುತ್ತದೆ. ಎದುರಿಗೆ ಬಂದಾಗ ಜೋರು, ಆಚೆ ಬದಿಗೆ ಹೋದಾಗ ಮಂದ. ಹಾರ್ನ್ ಮಾಡುವುದೂ ಇಷ್ಟೇ. ಲೆಕ್ಕ ಬೇಕಾದವರಿಗೆ: ಹಾರ್ನ್‌ನ ಬಾಯಿ ನಡುವಿನಿಂದ 18 ಸೆಂಟಿಮೀಟರ್ ದೂರ ಇದೆ ಅಂದುಕೊಂಡರೆ, ವೇಗದ ಸುತ್ತಿನಲ್ಲಿ ಶ್ರುತಿ ಮೇಲೂ ಕೆಳಗೂ ಸುಮಾರು 38 ಸೆಂಟ್ ಆಡುತ್ತದೆ. ಅಕ್ಕಪಕ್ಕದ ಎರಡು ಕೀಗಳ ನಡುವಿನ ಅಂತರ 100 ಸೆಂಟ್. ನಿಧಾನ ಸುತ್ತಿನಲ್ಲಿ ಬರೀ 4 ಸೆಂಟ್. ನಿಧಾನದಲ್ಲಿ ಕೇಳುವುದು ಹಿತವಾದ ಉಸಿರಾಟ, ವೇಗದಲ್ಲಿ ಕೇಳುವುದು ನಡುಕ. ಅದಕ್ಕೇ ಅಷ್ಟು ವ್ಯತ್ಯಾಸ.

ಈಗ ನಿಮ್ಮ ಪಿಯಾನೋಗೆ ಬನ್ನಿ. ಎಫೆಕ್ಟ್ ಪಟ್ಟಿಯಲ್ಲಿ ರೋಟರಿ ಎಂಬ ಹೆಸರಿನದನ್ನು ಆರಿಸಿ. ಕೆಲವು ವಾದ್ಯಗಳಲ್ಲಿ ಎರಡು ಮೂರು ಥರ ಇರುತ್ತವೆ. ಹಾರ್ನ್‌ಗೂ ಡ್ರಮ್‌ಗೂ ಬೇರೆಬೇರೆ ಸೆಟ್ಟಿಂಗ್ ಇರುವುದನ್ನೇ ಹಿಡಿಯಿರಿ. ರೋಲ್ಯಾಂಡ್‌ನ ರೋಟರಿಯಲ್ಲಿ ಇವಕ್ಕೆ ಟ್ವೀಟರ್, ವೂಫರ್ ಅಂತ ಹೆಸರು. ಯಮಹಾದವರು ಹಾರ್ನ್, ರೋಟರ್ ಅನ್ನುತ್ತಾರೆ. ಒಂದೇ ಸ್ಪೀಡ್ ನಾಬ್ ಇರುವ ಸರಳ ಎಫೆಕ್ಟ್ ಇದ್ದರೆ ಅದರಲ್ಲೂ ಕೆಲಸ ನಡೆಯುತ್ತದೆ, ರುಚಿ ಸ್ವಲ್ಪ ಕಮ್ಮಿ.

ನಿಜವಾದ ಲೆಸ್ಲಿಯಲ್ಲಿ ಹಾರ್ನ್ ನಿಧಾನಕ್ಕೆ ನಿಮಿಷಕ್ಕೆ 40ರಿಂದ 50 ಸುತ್ತು, ವೇಗಕ್ಕೆ 400ರ ಆಸುಪಾಸು. ಡ್ರಮ್ ನಿಧಾನಕ್ಕೆ 40, ವೇಗಕ್ಕೆ 340ರ ಹತ್ತಿರ. ಪಿಯಾನೋ ಮೆನು ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಸುತ್ತು ಅಂತ ಕೇಳುತ್ತದೆ, 60ರಿಂದ ಭಾಗಿಸಿದರೆ ಆಯಿತು. ಹಾರ್ನ್‌ಗೆ ನಿಧಾನ 0.8, ವೇಗ 6.7. ಡ್ರಮ್‌ಗೆ ನಿಧಾನ 0.65, ವೇಗ 5.7. ಎರಡಕ್ಕೂ ಒಂದೇ ಸಂಖ್ಯೆ ಕೊಡಬೇಡಿ. ಎರಡು ಚಕ್ರ ಸ್ವಲ್ಪ ಬೇರೆಬೇರೆ ವೇಗದಲ್ಲಿ ಸುತ್ತುವುದರಿಂದಲೇ ಶಬ್ದ ಯಂತ್ರದ ಥರ ಕೇಳಿಸದೆ ಜೀವಂತ ಅನ್ನಿಸುತ್ತದೆ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ವೇಗ ಅಲ್ಲ, ವೇಗ ಬದಲಾಗುವ ಹೊತ್ತು. ಹಗುರವಾದ ಹಾರ್ನ್ ಒಂದು ಸೆಕೆಂಡ್‌ನ ಆಸುಪಾಸಿನಲ್ಲಿ ಓಟ ಹಿಡಿಯುತ್ತದೆ. ಭಾರದ ಡ್ರಮ್‌ಗೆ ನಾಲ್ಕೈದು ಸೆಕೆಂಡ್ ಬೇಕು. ಆ ನಡುವಿನ ಹೊತ್ತಿನಲ್ಲಿ ಮೇಲಿನ ಸ್ವರಗಳು ಆಗಲೇ ನಡುಗುತ್ತಿರುತ್ತವೆ, ಕೆಳಗಿನವು ಇನ್ನೂ ಮೈಮುರಿಯುತ್ತಿರುತ್ತವೆ. ಆರ್ಗನ್ ಕೇಳಿ ಮೈ ಜುಮ್ಮೆನ್ನುವುದು ಈ ಜಾಗದಲ್ಲೇ. ಮೆನುವಿನಲ್ಲಿ ಇದಕ್ಕೆ ಅಕ್ಸೆಲರೇಶನ್, ರೈಸ್ ಟೈಮ್, ಫಾಲ್ ಟೈಮ್, ಸ್ಲೋ ಫಾಸ್ಟ್ ಟೈಮ್ ಹೀಗೆ ನಾನಾ ಹೆಸರು. ಹೆಚ್ಚಿನ ಕಡೆ ಸೆಕೆಂಡ್ ಬದಲು ಬರೀ 0ರಿಂದ 15, ಇಲ್ಲಾ 0ರಿಂದ 127 ಥರದ ಸಂಖ್ಯೆ ಇರುತ್ತದೆ. ಫೋನಿನ ಸ್ಟಾಪ್‌ವಾಚ್ ಹಿಡಿದು ಕಿವಿಯಿಂದಲೇ ಹೊಂದಿಸಿ.

ಕೆಲವರು ಒಂದು ಅಡ್ಡದಾರಿ ಹಿಡಿಯುತ್ತಾರೆ. ನಿಧಾನದ್ದೊಂದು ಪ್ರೋಗ್ರಾಂ (ಸೇವ್ ಮಾಡಿಟ್ಟ ಸೆಟ್ಟಿಂಗ್), ವೇಗದ್ದೊಂದು ಪ್ರೋಗ್ರಾಂ ಮಾಡಿಟ್ಟು, ಹಾಡಿನ ನಡುವೆ ಬಟನ್ ಒತ್ತಿ ಬದಲಿಸುತ್ತಾರೆ. ದಯವಿಟ್ಟು ಬೇಡ. ಆ ಏರುವ ಹೊತ್ತು ಪೂರಾ ಕಳೆದುಹೋಗುತ್ತದೆ. ಕೆಲವು ವಾದ್ಯಗಳಲ್ಲಿ ಹಿಡಿದ ಸ್ವರವೇ ಕಟ್ ಆಗುತ್ತದೆ.

ಇನ್ನು ನಿಮ್ಮ ನಿಜವಾದ ಪ್ರಶ್ನೆ: ಯಾವುದರಿಂದ ಬದಲಿಸುವುದು? ಹ್ಯಾಮಂಡ್ ನುಡಿಸುವವರು ಕೀಬೋರ್ಡ್‌ನ ಎಡ ಮುಂಭಾಗದಲ್ಲಿ ಅರ್ಧಚಂದ್ರದ ಆಕಾರದ ಒಂದು ಸ್ವಿಚ್ ಹಾಕಿಸಿಕೊಳ್ಳುತ್ತಾರೆ. ತಳ್ಳಿದ ಕಡೆ ಅದು ನಿಂತುಕೊಳ್ಳುತ್ತದೆ. ನಾರ್ಡ್ ಕಂಪನಿ ತನ್ನ ಕೀಬೋರ್ಡ್‌ಗಳಿಗೆ ಇಂಥದ್ದೇ ಸ್ವಿಚ್ ಬೇರೆಯಾಗಿ ಮಾರುತ್ತದೆ. ನಿಮಗೆ ಕೈ ಖಾಲಿ ಇಲ್ಲ ಅಂದಿರಿ. ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್‌ನವರು ಇದ್ದೇ ಇರುತ್ತಾರೆ, ಆಗ ಎಡಗೈ ಅಷ್ಟೊಂದು ದುಡಿಯಬೇಕಿಲ್ಲ. ಅಲ್ಲಿ ಮಾಡ್ಯುಲೇಶನ್ ವೀಲ್, ಅಂದರೆ ಶಬ್ದಕ್ಕೆ ಅಲೆ ಕೊಡುವ ಚಕ್ರ, ಸಾಕು. ಅರ್ಧಕ್ಕಿಂತ ಮೇಲೆ ತಳ್ಳಿದರೆ ವೇಗ, ಕೆಳಗೆ ಎಳೆದರೆ ನಿಧಾನ. ಒಂದು ಎಚ್ಚರ: ರೋಲ್ಯಾಂಡ್‌ನ ಬಹಳ ವಾದ್ಯಗಳಲ್ಲಿ ಮಾಡ್ಯುಲೇಶನ್‌ಗೆ ಚಕ್ರದ ಬದಲು ಸ್ಪ್ರಿಂಗ್ ಇರುವ ಲಿವರ್ ಇರುತ್ತದೆ. ಬಿಟ್ಟ ಕೂಡಲೇ ಅದು ಸೊನ್ನೆಗೆ ಮರಳುತ್ತದೆ, ಜೊತೆಗೆ ವೇಗವೂ ಇಳಿಯುತ್ತದೆ. ಅಂಥ ಕಡೆ ರೋಟರಿಯನ್ನು ಲಿವರ್‌ಗೆ ಕೊಡದೆ, ಬೇಕಾದ ಕೆಲಸ ಒಪ್ಪಿಸಬಹುದಾದ ಯಾವುದಾದರೂ ಬಟನ್‌ಗೆ ಕೊಡಿ.

ಚರ್ಚ್‌ನಲ್ಲಿ ಬೇಸ್ ಕೂಡ ನೀವೇ ನುಡಿಸಬೇಕು ಅಂದರೆ ಕಾಲೇ ಗತಿ. ಇಲ್ಲಿ ನಿಮ್ಮ ಒಂದೇ ಪೆಡಲ್ ಸಾಕಾಗುತ್ತದೆ. ಯೋಚಿಸಿ, ಆರ್ಗನ್‌ಗೆ ಸಸ್ಟೇನ್ ಪೆಡಲ್ ಯಾಕೆ ಬೇಕು? ಕೀ ಒತ್ತಿರುವಷ್ಟು ಹೊತ್ತೂ ಸ್ವರ ಮುಂದುವರಿಯುತ್ತಲೇ ಇರುತ್ತದೆ. ಪಿಯಾನೋ ಅಭ್ಯಾಸದಿಂದ ಕಾಲು ತಾನಾಗಿ ಪೆಡಲ್ ಒತ್ತುತ್ತದೆ, ಸ್ವರಗಳು ಒಂದರ ಮೇಲೊಂದು ಬಿದ್ದು ಗಲೀಜಾಗುತ್ತದೆ ಅಷ್ಟೆ. ಆದ್ದರಿಂದ ಆರ್ಗನ್ ಪ್ರೋಗ್ರಾಂನಲ್ಲಿ ಸಸ್ಟೇನ್ ತೆಗೆದು ಅದೇ ಪೆಡಲ್‌ಗೆ ರೋಟರಿ ಸ್ಪೀಡ್ ಕೊಡಿ. ಪಿಯಾನೋ ಪ್ರೋಗ್ರಾಂಗೆ ಬಂದಾಗ ಅದು ಮತ್ತೆ ಸಸ್ಟೇನ್ ಆಗಬೇಕು. ಹಾಗಾಗಿ ಪೆಡಲ್‌ನ ಕೆಲಸ ಪ್ರೋಗ್ರಾಂ ಜೊತೆ ಸೇವ್ ಆಗುತ್ತದೆಯೋ, ಇಡೀ ವಾದ್ಯಕ್ಕೆ ಒಂದೇ ಇರುತ್ತದೆಯೋ ನೋಡಿಕೊಳ್ಳಿ. ಎಷ್ಟೋ ವಾದ್ಯಗಳಲ್ಲಿ ಇದನ್ನು ಸಿಸ್ಟಂ ಮೆನುವಿನಲ್ಲಿ ಆರಿಸಬಹುದು. ಪಟ್ಟಿಯಲ್ಲಿ ರೋಟರಿ ಸ್ಪೀಡ್ ಎಂಬ ಹೆಸರು ಸಿಗದಿದ್ದರೆ ಎಫೆಕ್ಟ್ ಕಂಟ್ರೋಲ್ ಥರದ್ದು ಹುಡುಕಿ. ಅದೂ ಇಲ್ಲದಿದ್ದರೆ ಪೆಡಲ್‌ಗೆ ಸಿಸಿ 1 ಕೊಟ್ಟು ನೋಡಿ. ವಾದ್ಯಗಳು ಒಂದಕ್ಕೊಂದು ಆಜ್ಞೆ ಕಳಿಸುವ ಭಾಷೆಯಾದ ಮಿಡಿಯಲ್ಲಿ ಒಂದೊಂದು ಕಂಟ್ರೋಲ್‌ಗೂ ಒಂದು ಸಿಸಿ ಸಂಖ್ಯೆ ಇರುತ್ತದೆ, 1 ಅಂದರೆ ಮಾಡ್ಯುಲೇಶನ್. ಬಹಳಷ್ಟು ಆರ್ಗನ್ ಟೋನ್‌ಗಳಲ್ಲಿ ರೋಟರಿ ವೇಗ ಅದಕ್ಕೇ ಅಂಟಿಕೊಂಡಿರುತ್ತದೆ.

ಸಸ್ಟೇನ್ ಪೆಡಲ್ ಒತ್ತಿ ಬಿಟ್ಟರೆ ಮೇಲೆ ಬರುತ್ತದೆ, ಅರ್ಧಚಂದ್ರ ಸ್ವಿಚ್ ಥರ ನಿಲ್ಲುವುದಿಲ್ಲ. ಮೆನುವಿನಲ್ಲಿ ಟಾಗಲ್ ಅಥವಾ ಲ್ಯಾಚ್ ಇದ್ದರೆ ಅದನ್ನು ಆರಿಸಿ. ಒಮ್ಮೆ ತುಳಿದರೆ ವೇಗ, ಇನ್ನೊಮ್ಮೆ ತುಳಿದರೆ ನಿಧಾನ. ಇಲ್ಲದಿದ್ದರೆ ಕಾಲು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ವೇಗ ಇರುತ್ತದೆ. ನನಗೆ ವೈಯಕ್ತಿಕವಾಗಿ ಈ ಎರಡನೆಯದೇ ಇಷ್ಟ. ಈಗ ಯಾವ ವೇಗದಲ್ಲಿದ್ದೇನೆ ಅಂತ ಪರದೆ ನೋಡಬೇಕಾಗಿಲ್ಲ, ಕಾಲಿಗೇ ಗೊತ್ತಿರುತ್ತದೆ.

ಹಾಫ್ ಪೆಡಲ್ ಬರುವ, ಅಂದರೆ ಅರ್ಧ ಒತ್ತಿದ್ದನ್ನೂ ಗುರುತಿಸುವ ಒಳ್ಳೆಯ ಸಸ್ಟೇನ್ ಪೆಡಲ್ ಇದ್ದವರಿಗೆ ಒಂದು ತೊಂದರೆ. ಅದು ಬರೀ ಆನ್ ಆಫ್ ಕಳಿಸುವುದಿಲ್ಲ, 0ರಿಂದ 127ರ ತನಕ ಎಲ್ಲ ಸಂಖ್ಯೆಗಳನ್ನೂ ಕಳಿಸುತ್ತದೆ. ಆನ್ ಆಫ್ ಬದಲಾಗುವ 64ರ ಗಡಿಯಲ್ಲಿ ಕಾಲು ಅಲುಗಿದರೆ ವೇಗ ಆಚೀಚೆ ಜಿಗಿಯುತ್ತದೆ. ಪೆಡಲ್ ಬೆನ್ನಿಗೆ ಸ್ವಿಚ್ ಇದ್ದರೆ ಅದನ್ನು ಸಾದಾ ಆನ್ ಆಫ್‌ಗೆ ಬದಲಿಸಿ. ಇನ್ನೊಂದು, ತುಳಿದರೆ ನಿಧಾನ, ಬಿಟ್ಟರೆ ವೇಗ ಅಂತ ಎಲ್ಲವೂ ಉಲ್ಟಾ ಆದರೆ ಗಾಬರಿ ಬೇಡ. ಪೆಡಲ್‌ಗಳ ಒಳಗಿನ ಸಂಪರ್ಕ ಎರಡು ಥರ ಇರುತ್ತದೆ. ಬಹಳ ಕೀಬೋರ್ಡ್‌ಗಳು ಆನ್ ಆಗುವಾಗ ಪೆಡಲ್ ಯಾವ ಥರದ್ದು ಅಂತ ತಾವೇ ಪರೀಕ್ಷಿಸಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ನಿಮ್ಮ ಪಾದ ಪೆಡಲ್ ಮೇಲಿದ್ದರೆ ಮುಗೀತು, ಇಡೀ ಸಂಜೆ ಉಲ್ಟಾ. ಕಾಲು ತೆಗೆದು ಆಫ್ ಮಾಡಿ ಆನ್ ಮಾಡಿ.

ಎಡಗೈಗೆ ಆರ್ಗನ್, ಬಲಗೈಗೆ ಪಿಯಾನೋ ಅಂತ ಸ್ಪ್ಲಿಟ್ ಮಾಡಿ ನುಡಿಸುವುದಾದರೆ ಒಂದು ಪೆಡಲ್ ಸಾಲದು, ಅಲ್ಲಿ ಸಸ್ಟೇನ್ ಬೇಕೇ ಬೇಕು. ಆಗ ಎರಡನೇ ಪೆಡಲ್ ಜಾಕ್‌ಗೆ ಸಾದಾ ಫುಟ್‌ಸ್ವಿಚ್ ಒಂದನ್ನು ಸಿಕ್ಕಿಸಿ. ಜೊತೆಗೆ ಯಾವ ಪೆಡಲ್ ಯಾವ ಝೋನ್‌ಗೆ, ಅಂದರೆ ಕೀಗಳ ಯಾವ ಭಾಗಕ್ಕೆ, ಕೆಲಸ ಮಾಡಬೇಕು ಅನ್ನುವುದನ್ನೂ ಹೊಂದಿಸಿ. ಇಲ್ಲದಿದ್ದರೆ ಪಿಯಾನೋಗೆ ಒತ್ತಿದ ಸಸ್ಟೇನ್ ಆರ್ಗನ್ನನ್ನೂ ಎಳೆದುಕೊಂಡು ಹೋಗುತ್ತದೆ.

ಶಬ್ದ ಏರಿಸಿ ಇಳಿಸುವ ಎಕ್ಸ್‌ಪ್ರೆಶನ್ ಪೆಡಲ್ ಇದ್ದರೆ ಆರ್ಗನ್‌ಗೆ ಜೀವ ಬರುತ್ತದೆ. ಎಷ್ಟು ಜೋರಾಗಿ ಕೀ ಒತ್ತಿದರೂ ಆರ್ಗನ್ ಒಂದೇ ಥರ ಕೂಗುತ್ತದೆ, ಜೋರು ಮೆಲ್ಲಗೆ ಎಲ್ಲ ಬಲಗಾಲಿನಿಂದಲೇ. ಅದಕ್ಕೆ ಸಿಸಿ 11 ಕೊಡಿ, ಮಾಸ್ಟರ್ ವಾಲ್ಯೂಮ್ ಕೊಡಬೇಡಿ. ಲೆಸ್ಲಿಯಲ್ಲಿ ಆಂಪ್ ಮೊದಲು, ತಿರುಗುವುದು ಆಮೇಲೆ. ಪೆಡಲ್ ಒತ್ತಿದಷ್ಟೂ ಆಂಪ್ ಕೆರಳಿ ಶಬ್ದ ಒರಟಾಗುತ್ತದೆ. ಸಿಸಿ 11 ಎಫೆಕ್ಟ್‌ಗಿಂತ ಮುಂಚೆ ಕೆಲಸ ಮಾಡುವ ವಾದ್ಯಗಳಲ್ಲಿ ಈ ಗುಣ ಹಾಗೇ ಬರುತ್ತದೆ. ಕೊಳ್ಳುವಾಗ ಮಾತ್ರ ಹುಷಾರು, ಯಮಹಾ ಮತ್ತು ರೋಲ್ಯಾಂಡ್ ಎಕ್ಸ್‌ಪ್ರೆಶನ್ ಪೆಡಲ್‌ಗಳ ವೈರಿಂಗ್ ಬೇರೆಬೇರೆ. ದೊಡ್ಡ ಹಾಲ್‌ನ ಗುಂಗು ಕೊಡುವ ರಿವರ್ಬ್ ರೋಟರಿಯ ನಂತರ ಇರಲಿ, ಅದೂ ಸ್ವಲ್ಪವೇ.

ಈಗ ನನ್ನದೊಂದು ಪಾಡು. ಒಂದು ಮದುವೆ ಆರತಕ್ಷತೆ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಎರಡು ರಾತ್ರಿ ಕೂತು ರೋಟರಿ ಹೊಂದಿಸಿದ್ದೆ. ಎಡಗಿವಿಯಿಂದ ಬಲಗಿವಿಗೆ ಶಬ್ದ ಸುತ್ತುತ್ತಿತ್ತು, ಸ್ವರ್ಗ. ಸ್ಟೇಜಿನಲ್ಲಿ ಸೌಂಡ್‌ನವರು ಎರಡೂ ಕೇಬಲ್ ತೆಗೆದುಕೊಂಡರು, ಮಿಕ್ಸರ್‌ನಲ್ಲಿ ಎರಡನ್ನೂ ನಡುವಿಗೆ ತಂದು ಮೋನೋ, ಅಂದರೆ ಎಡಬಲ ಇಲ್ಲದ ಒಂದೇ ಶಬ್ದ, ಮಾಡಿಬಿಟ್ಟರು. ವೇಗ ಹಾಕಿದಾಗ ಆರ್ಗನ್ ಬಾವಿಯೊಳಗಿಂದ ಕೂಗಿದ ಹಾಗೆ, ಕೆಲವು ಸ್ವರ ಪೂರಾ ಮಾಯ. ತಪ್ಪು ಅವರದ್ದಲ್ಲ, ಕೇಳದೇ ಇದ್ದ ನನ್ನದು. ಎಡಬಲಗಳಲ್ಲಿ ಒಂದು ಏರುವಾಗ ಇನ್ನೊಂದು ಇಳಿಯುವಂತೆ ಮಾಡಿಟ್ಟ ಅಲೆಗಳನ್ನು ಕೂಡಿಸಿದರೆ ಒಂದನ್ನೊಂದು ತಿಂದುಹಾಕುತ್ತವೆ. ನಮ್ಮ ಕಡೆಯ ಹಾಲ್‌ಗಳಲ್ಲಿ ಮೋನೋ ಸಿಗುವುದೇ ಜಾಸ್ತಿ. ಆದ್ದರಿಂದ ಸೆಪರೇಶನ್, ಸ್ಪ್ರೆಡ್, ಮೈಕ್ ಆಂಗಲ್ ಅಂತ ಏನಿದೆಯೋ ಅದನ್ನು ಕಮ್ಮಿ ಮಾಡಿದ ಇನ್ನೊಂದು ಪ್ರೋಗ್ರಾಂ ಇಟ್ಟುಕೊಳ್ಳಿ. ಒಂದೇ ಕೇಬಲ್ ಆದರೆ ಎಲ್ ಮೋನೋ ಎಂದು ಬರೆದ ಜಾಕ್‌ಗೇ ಹಾಕಿ. ಮನೆಯಲ್ಲಿ ಹೊಂದಿಸುವಾಗಲೂ ಕೊನೆಗೆ ಒಂದೇ ಸ್ಪೀಕರ್‌ನಲ್ಲಿ ಕೇಳಿ ನೋಡಿ.

ಹೊರಗಿನ ಪೆಡಲ್ ಕೊಳ್ಳಬೇಕಾ? ಮೊದಲು ಹೇಳಿದ ಪರೀಕ್ಷೆಯಲ್ಲಿ ಒಂದೂ ಒಣ ಟೋನ್ ಸಿಗದಿದ್ದರೆ ಕೊಂಡೂ ಪ್ರಯೋಜನ ಇಲ್ಲ, ಅದೇ ಉಪ್ಪಿನ ಕತೆ. ಒಣ ಟೋನ್ ಇದೆ, ಆದರೆ ಒಳಗಿನ ರೋಟರಿ ಹಿಡಿತಕ್ಕೆ ಸಿಗುತ್ತಿಲ್ಲ ಅಂದರೆ ಕೊಳ್ಳುವುದಕ್ಕೆ ಅರ್ಥ ಇದೆ. ನಿಯೋ ಇನ್‌ಸ್ಟ್ರುಮೆಂಟ್ಸ್‌ನ ವೆಂಟಿಲೇಟರ್ ಆರ್ಗನ್ ನುಡಿಸುವವರ ನಡುವೆ ಹೆಸರು ಮಾಡಿದೆ. ಸ್ಟ್ರೈಮನ್ ಲೆಕ್ಸ್, ಎಲೆಕ್ಟ್ರೋ ಹಾರ್ಮೋನಿಕ್ಸ್‌ನ ಲೆಸ್ಟರ್ ಕೆ ಕೂಡ ಇವೆ. ತೊಂದರೆ ಏನೆಂದರೆ ಪೆಡಲ್‌ಗೆ ಪಿಯಾನೋದ ಇಡೀ ಶಬ್ದ ಹೋಗುತ್ತದೆ. ಆರ್ಗನ್ ಜೊತೆ ಗ್ರ್ಯಾಂಡ್ ಪಿಯಾನೋ ಟೋನ್ ಕೂಡ ಗರಗರ ತಿರುಗುತ್ತದೆ. ಆರ್ಗನ್ ಮುಗಿದ ಕೂಡಲೇ ಬೈಪಾಸ್ ಮಾಡುವ, ಅಂದರೆ ಪೆಡಲ್‌ನ ಎಫೆಕ್ಟ್ ಆಫ್ ಮಾಡುವ, ನೆನಪು ಇರಬೇಕು. ಲ್ಯಾಪ್‌ಟಾಪ್ ಇದ್ದವರು ಮೊದಲು ಸೆಟ್‌ಬಿಫ್ರೀ ಎಂಬ ಉಚಿತ ಸಾಫ್ಟ್‌ವೇರ್ ಆರ್ಗನ್ ಹಾಕಿ, ಪಿಯಾನೋವನ್ನು ಮಿಡಿ ಮೂಲಕ ಜೋಡಿಸಿ ನೋಡಿ. ಅದರಲ್ಲಿ ತಿರುಗುವ ಸ್ಪೀಕರ್ ಕೂಡ ಸೇರಿದೆ. ರೋಟರಿ ಹೇಗೆ ಬದಲಾಗಬೇಕು ಅಂತ ಕಿವಿಗೆ ಗೊತ್ತಾಗೋಕಾದರೂ ಇದು ಒಳ್ಳೆಯದು.

ಎಲ್ಲ ಹೊಂದಿಸಿದ ಮೇಲೆ ಕಾಲಿಗೆ ಸ್ವಲ್ಪ ಅಭ್ಯಾಸ ಬೇಕು. ಲಯ ನಿಮಿಷಕ್ಕೆ 100 ಇದ್ದರೆ ಒಂದು ಪೆಟ್ಟಿಗೆ 0.6 ಸೆಕೆಂಡ್. ಹಾರ್ನ್ ಓಟ ಹಿಡಿಯೋಕೆ ಒಂದು ಸೆಕೆಂಡ್ ಬೇಕು. ಅಂದರೆ ಪಲ್ಲವಿಗೆ ಮರಳುವ ಮೊದಲ ಪೆಟ್ಟಿಗೆ ಆರ್ಗನ್ ಪೂರ್ತಿ ನಡುಗುತ್ತಿರಬೇಕಾದರೆ ಎರಡು ಪೆಟ್ಟು ಮುಂಚೆಯೇ ತುಳಿಯಬೇಕು. ಪೆಟ್ಟಿನ ಮೇಲೇ ತುಳಿದರೆ ಯಾವಾಗಲೂ ತಡವೇ. ಕೊನೆಯ ಸಾಲಿನಲ್ಲಿ ಕಾರ್ಡ್ ಹಿಡಿದು ಕಾಲು ಎತ್ತಿ. ಹಾರ್ನ್ ಬೇಗ ತಣ್ಣಗಾಗುತ್ತದೆ, ಡ್ರಮ್ ಮಾತ್ರ ಇನ್ನೂ ಮೂರು ನಾಲ್ಕು ಸೆಕೆಂಡ್ ಕೆಳಗೆ ಗುರುಗುಡುತ್ತಾ ನಿಧಾನ ಆಗುತ್ತಿರುತ್ತದೆ. ಅದು ಪೂರ್ತಿ ನಿಧಾನ ಆಗುವ ತನಕ ಬೆರಳು ಎತ್ತಬೇಡಿ.